ಡ್ರೈ ಫೋರ್ಕಿನ ನೂರೈವತ್ತೆಂಟು ಓಟುಗಳು

ಎಲ್ಲದಕ್ಕೂ ಮೂಲ ಎರಡು ಓಟು.

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಮೊದಲ ಮಂಗಳವಾರ ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆ ನಡೆದಾಗ, ಕಾನ್ಸಾಸಿನ ಡ್ರೈ ಫೋರ್ಕ್ ಎಂಬ ಗೋಧಿ ಬೆಳೆಯುವ ಊರಿನಲ್ಲಿ ಓಟು ಹಾಕಲು ಬಂದವರು ಹತ್ತೊಂಬತ್ತು ಜನ. ಮೇಲಿನ ಹುದ್ದೆಗಳಿಗೆಲ್ಲ ಅಚ್ಚಾದ ಹೆಸರುಗಳಿದ್ದವು. ಚೀಟಿಯ ಕಟ್ಟಕಡೆಗೆ, 'ಪಕ್ಷದ ಬೂತ್ ಪ್ರತಿನಿಧಿ' ಎಂಬುದರ ಕೆಳಗೆ ಮಾತ್ರ ಒಂದು ಖಾಲಿ ಗೆರೆ. ಆ ಹುದ್ದೆಗೆ ಯಾರೂ ನಿಂತಿರಲಿಲ್ಲ. ಗೆರೆಯ ಮೇಲೆ ಬೂತಿನ ಪಟ್ಟಿಯಲ್ಲಿರುವ ಯಾರ ಹೆಸರನ್ನಾದರೂ ಬರೆಯಬಹುದಿತ್ತು. ಹದಿನೇಳು ಜನ ಅದನ್ನು ಹಾಗೇ ಬಿಟ್ಟರು. ಗ್ಲೆನ್ ಎಂಬುವನು ತಮಾಷೆಗೆಂದು ತನ್ನ ಅಕ್ಕನ ಗಂಡ ಲೈಲ್ ಬ್ರೂಬೇಕರನ ಹೆಸರು ಬರೆದ. ಕಾಫಿ ಅಂಗಡಿಯ ವೆಲ್ಮಾ, ಏನಾದರೂ ಬರೆಯೋಣವೆಂದು ತಲೆ ಎತ್ತಿದಾಗ ಕಿಟಕಿಯಾಚೆ ಲೈಲ್ ಒಂದು ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ಹೋಗುತ್ತಿದ್ದ. ಬೇರೆ ಹೆಸರು ತೋಚದೆ ಅವಳೂ ಅದನ್ನೇ ಬರೆದಳು.

ಹೀಗೆ ಲೈಲ್ ಅಖಂಡ ಬಹುಮತದಿಂದ ಆಯ್ಕೆಯಾದ.

ನೆರೆಹೊರೆಯವರು ಆರಿಸಿದ್ದನ್ನು ಬೇಡವೆಂದು ಹಿಂದಕ್ಕೆ ಕೊಡುವ ಪದ್ಧತಿ ಡ್ರೈ ಫೋರ್ಕಿನಲ್ಲಿಲ್ಲ. ಅದಕ್ಕೂ ಮುಂಚೆ ಮೂವತ್ತೊಂದು ವರ್ಷ ಆ ಕೆಲಸ ಮಾಡಿದ್ದ ಎಮೆಟ್ ಡೋರ್ ಒಂದು ದಿನವೂ ಗೊಣಗದೆ ಮಾಡಿ, ಗೊಣಗದೆ ಸತ್ತುಹೋಗಿದ್ದ. ಸಂಬಳವಿಲ್ಲದ ಹುದ್ದೆ. ಮನೆಮನೆಗೆ ಹೋಗಿ ಬಾಗಿಲು ಬಡಿಯಬೇಕು, ಹೊಲದ ಬೇಲಿಗಳ ಪಕ್ಕ ಪಕ್ಷದ ಬೋರ್ಡು ನೆಡಬೇಕು, ಗಾಳಿಗೆ ಬಿದ್ದದ್ದನ್ನು ಮತ್ತೆ ನೆಡಬೇಕು. ಇದಾದರೂ ಸಹಿಸಬಹುದಿತ್ತು. ಆದರೆ ಎರಡು ಸಾವಿರ ಕಿಲೋಮೀಟರು ದೂರದ ವಾಷಿಂಗ್ಟನ್ನಿನಲ್ಲಿ ಯಾರಾದರೂ ಏನಾದರೂ ಕೆಡಿಸಿದರೆ ಮಾರನೆಯ ಬೆಳಿಗ್ಗೆ ಲೈಲನ ರಿಪೇರಿ ಷೆಡ್ಡಿಗೆ ಚೆನ್ನಾಗಿ ಓಡುತ್ತಿರುವ ಯಂತ್ರಗಳೂ ರಿಪೇರಿಗೆ ಬರುತ್ತಿದ್ದವು. ಬೈಯಲು ಜನರಿಗೆ ಒಂದು ನೆಪ ಬೇಕಲ್ಲ. ಎರಡು ವರ್ಷದಲ್ಲಿ ಲೈಲ್ ಊರ ಮಧ್ಯದ ದೀಪದ ಕಂಬದ ಹಾಗಾಗಿದ್ದ. ಹಾದು ಹೋದ ನಾಯಿಯೆಲ್ಲ ಒಂದು ಕ್ಷಣ ನಿಂತೇ ಮುಂದೆ ಹೋಗುತ್ತಿತ್ತು.

ಈಗ ಮತ್ತೆ ಆಗಸ್ಟ್, ಮತ್ತೆ ಮೊದಲ ಮಂಗಳವಾರ.

"ಈ ಸಲ ನಾನಲ್ಲ," ಎಂದ ಲೈಲ್, ಬೆಳಗಿನ ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿ. "ಸತ್ತರೂ ಆ ಕೆಲಸ ಮಾಡಲ್ಲ. ಬರೆದಿಟ್ಕೋ."

ಹೆಂಡತಿ ಅರ್ಡಿತ್ ಏನೂ ಬರೆದಿಟ್ಟುಕೊಳ್ಳಲಿಲ್ಲ. ಅವಳು ಸೂಟ್‌ಕೇಸಿಗೆ ಬಟ್ಟೆ ಮಡಚಿಡುತ್ತಿದ್ದಳು. ಅರವತ್ತೊಂದು ವರ್ಷದ ಅರ್ಡಿತ್ ಸಮುದ್ರ ನೋಡಿರಲಿಲ್ಲ. ಆರೆಗನ್ನಿನ ದಂಡೆಯ ಮೇಲೆ ಒಂದು ವಾರಕ್ಕೆ ಪುಟ್ಟ ಮನೆ ಗೊತ್ತು ಮಾಡಿಯಾಗಿತ್ತು. ಗುರುವಾರ ಹೊರಡಬೇಕು. ಆದರೆ ಅದೇ ವಾರ ಕೌಂಟಿಯ, ಎಂದರೆ ಆ ಜಿಲ್ಲೆಯ, ಜಾತ್ರೆ. ಬೂತ್ ಪ್ರತಿನಿಧಿಯಾದವನು ಆರು ದಿನವೂ ಪಕ್ಷದ ಮಳಿಗೆಯಲ್ಲಿ, ಹಂದಿಗಳ ಪ್ರದರ್ಶನದ ಪಕ್ಕ, ಕೂತಿರಬೇಕು. ಎರಡು ವರ್ಷದ ಹಿಂದೆ ಹೀಗೇ ಒಂದು ಪ್ರಯಾಣ ತಪ್ಪಿತ್ತು.

"ಇವತ್ತು ಸಂಜೆ ನೀನು ಆ ಹುದ್ದೇಲಿದ್ರೆ ನಿನ್ನ ಸೀಟಲ್ಲಿ ಜಾಯ್ಸ್ ಕೂರ್ತಾಳೆ," ಎಂದಳು ಅರ್ಡಿತ್. ಜಾಯ್ಸ್ ಎಂದರೆ ಪಕ್ಕದ ಕೌಂಟಿಯಲ್ಲಿರುವ ಅವಳ ತಂಗಿ. ಅವಳೂ ಸಮುದ್ರ ನೋಡಿರಲಿಲ್ಲ. "ನಾನು ಜಗಳ ಆಡ್ತಿಲ್ಲ ಲೈಲ್. ಹೇಳ್ತಾ ಇದೀನಿ, ಅಷ್ಟೆ."

ಅವಳು ಜಗಳವಾಡಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ನಾವಿಬ್ರೂ ಗ್ಲೆನ್ ಹೆಸರು ಬರೆಯೋಣ," ಎಂದ ಲೈಲ್. "ಹೋದ ಸಲದ ಎರಡು ಓಟಿಗೆ ನಮ್ಮ ಎರಡು ಓಟು. ಯಾವುದಕ್ಕೂ ಹೆಚ್ಚಿಗೆ ಇನ್ನೆರಡು ಇದ್ರೆ ಒಳ್ಳೇದು. ವೆಲ್ಮಾ ಅಂಗಡೀಲಿ ನೋಡ್ತೀನಿ."

ಅವನು ಮಾಡಿದ ಮೊದಲ ತಪ್ಪು ಅದು. ಡ್ರೈ ಫೋರ್ಕಿನಲ್ಲಿ ಗುಟ್ಟನ್ನು ಎಲ್ಲಿ ಬೇಕಾದರೂ ಹೇಳಬಹುದು, ವೆಲ್ಮಾಳ ಅಂಗಡಿಯಲ್ಲಿ ಮಾತ್ರ ಹೇಳಬಾರದು. ಲೈಲ್ ಕಾಫಿಯ ಮೇಲೆ ಬಗ್ಗಿ, ದನಿ ತಗ್ಗಿಸಿ, "ವೆಲ್ಮಾ, ಕಡೇ ಗೆರೇಲಿ ಒಂದು ಹೆಸರು ಬರೀಬೇಕಿತ್ತು..." ಎಂದ.

ವೆಲ್ಮಾಳ ಕೈಯಲ್ಲಿದ್ದ ಕಾಫಿಯ ಜಗ್ಗು ಗಾಳಿಯಲ್ಲೇ ನಿಂತಿತು.

"ನನ್ನ ಹೆಸರು ಬರೀತೀಯಾ?"

"ಛೆ, ನಿಂದಲ್ಲ ಮಾರಾಯ್ತಿ."

"ಹೋದ ಸಲ ನಾನು ನಿಂದು ಬರೆದಿದ್ದೆ. ಅದರ ಸೇಡು ತೀರಿಸ್ಕೋತಿದೀಯ. ನಂಗೆ ಗೊತ್ತು."

"ನೀನು ಬರೆದಿದ್ದಾ?" ಎಂದ ಲೈಲ್. ಎರಡನೆಯ ಓಟು ಯಾರದೆಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಚಮಚಗಳ ಸದ್ದು ನಿಂತಿತು. ಎಂಟು ಜನ ಕೂತಿದ್ದರು. ಎಂಟೂ ಜನ ತಮ್ಮ ತಟ್ಟೆಯನ್ನೇ ನೋಡುತ್ತಿದ್ದರು. ಜನ ಹೀಗೆ ತಟ್ಟೆ ನೋಡುವಾಗಲೇ ಒಂದು ಊರು ತನ್ನ ಮನಸ್ಸಿನೊಳಗೆ ಲೆಕ್ಕ ಹಾಕುತ್ತಿರುತ್ತದೆ. ಲೈಲ್ ಯಾರದೋ ತಲೆಗೆ ಹುದ್ದೆ ಕಟ್ಟಲು ಹೊರಟಿದ್ದಾನೆ. ಬರುವುದು ಹತ್ತೊಂಬತ್ತು ಜನ. ಎರಡು ಓಟಿಗೆ ಒಬ್ಬ ಸಿಕ್ಕಿಬೀಳುತ್ತಾನೆ. ಆ ಒಬ್ಬ ನಾನೇ ಯಾಕಾಗಿರಬಾರದು?

"ಹಾಗಿದ್ರೆ ಕೈ ಕುಲುಕು," ಎಂದಳು ವೆಲ್ಮಾ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು. "ನೀನು ನನ್ನ ಹೆಸರು ಬರೆಯಲ್ಲ, ನಾನು ನಿನ್ನ ಹೆಸರು ಬರೆಯಲ್ಲ."

ಆ ಊರಲ್ಲಿ ಹೊಲಗಳನ್ನು ಕೈ ಕುಲುಕಿಯೇ ಮಾರಿದ್ದಾರೆ. ಕೈ ಕುಲುಕಿ ಮಾತು ತಪ್ಪಿದವನ ಮಗನ ಮದುವೆಗೂ ಜನ ಹೋಗುವುದಿಲ್ಲ. ಲೈಲ್ ಕೈ ಕುಲುಕಿದ. ಕುಲುಕುವಾಗಲೇ ಅವನಿಗೆ ಇದರಲ್ಲಿ ಲಾಭವಿದೆಯೆಂದು ಹೊಳೆಯಿತು. ತನ್ನ ಹೆಸರು ಬರೆಯುವ ಒಂದು ಕೈ ಕಡಿಮೆಯಾಯಿತಲ್ಲ! ಉಳಿದ ಎಂಟು ಜನರ ಹತ್ತಿರವೂ ಅವನೇ ಹೋದ. ಎಲ್ಲರೂ ಎದ್ದು ನಿಂತು ಕುಲುಕಿದರು. ಆಮೇಲೆ ಆ ಎಂಟು ಜನ, ಯಾಕೆ ಬಿಡಬೇಕೆಂದು, ತಮ್ಮತಮ್ಮಲ್ಲೇ ಕುಲುಕಿಕೊಂಡರು. ನೋಡಿದವರಿಗೆ ಏನೋ ದೊಡ್ಡ ಯುದ್ಧ ಮುಗಿದ ಹಾಗಿತ್ತು.

ಒಂಬತ್ತೂವರೆಗೆಲ್ಲ ಅಗ್ನಿಶಾಮಕದ ಷೆಡ್ಡಿನ ಮುಂದೆ ಸಾಲು ನಿಂತಿತ್ತು. ಬೆಂಕಿ ಆರಿಸುವ ಗಾಡಿಯನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿ, ಒಳಗೆ ಮೇಜು ಹಾಕಿ ಮತಗಟ್ಟೆ ಮಾಡಿದ್ದರು. ಮೇಜಿನ ಹಿಂದೆ ಬರ್ನಿಸ್ ಟೀಚರ್. ಮತಗಟ್ಟೆಯ ಮುಖ್ಯಸ್ಥೆ. ಎಂಬತ್ತೆರಡು ವರ್ಷದ ಆಕೆ ನಲವತ್ತು ವರ್ಷ ಊರಿನ ಶಾಲೆಯಲ್ಲಿ ಕೂಡುಬರಹ ಕಲಿಸಿದವರು. ಡ್ರೈ ಫೋರ್ಕಿನಲ್ಲಿ ಪೆನ್ನು ಹಿಡಿಯಬಲ್ಲ ಪ್ರತಿಯೊಬ್ಬರ ಬರಹವನ್ನೂ ಆಕೆ ಹತ್ತು ಅಡಿ ದೂರದಿಂದ ಗುರುತಿಸಬಲ್ಲರು. ಓಟು ಗುಟ್ಟಿನದೇ, ಕಾನೂನು ಹಾಗೆಂದೇ ಹೇಳುತ್ತದೆ. ಆದರೆ ಚೀಟಿ ಎಣಿಸುವವರು ಬರ್ನಿಸ್ ಟೀಚರ್. ಆಕೆ ಯಾರ ಗುಟ್ಟನ್ನೂ ಬಾಯಿ ಬಿಟ್ಟು ಹೇಳುವವರಲ್ಲ. ಹುಬ್ಬನ್ನು ಮಾತ್ರ ಒಂದಿಷ್ಟು ಏರಿಸುತ್ತಾರೆ. ಆ ಹುಬ್ಬಿಗಿಂತ ಜೈಲು ವಾಸಿ.

ಹಾಗಾಗಿ ಅಲ್ಲಿ ಕೈ ಕುಲುಕಿದವನಿಗೆ ಮಾತು ತಪ್ಪುವ ದಾರಿಯೇ ಇರಲಿಲ್ಲ.

ಲೈಲ್ ಸಾಲಿನ ಬಾಲದಿಂದ ಶುರು ಮಾಡಿದ. ಬಂದವರನ್ನೆಲ್ಲ ಹಿಡಿದ. "ನಾನು ನಿನ್ನ ಹೆಸರು ಬರೆಯಲ್ಲ, ನೀನು ನನ್ನ ಹೆಸರು ಬರೀಬೇಡ, ಸರೀನಾ?" ಯಾರೂ ಇಲ್ಲವೆನ್ನಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು. ಓಟು ಹಾಕಿದವರೂ ಮನೆಗೆ ಹೋಗದೆ, ಹಿಂದಿನವರಿಂದ ಮಾತು ತೆಗೆದುಕೊಳ್ಳಲು ನೆರಳಿನಲ್ಲಿ ನಿಂತರು. ಹನ್ನೊಂದರ ಹೊತ್ತಿಗೆ ಷೆಡ್ಡಿನ ಮುಂದೆ ಮದುವೆ ಮನೆಯ ಗದ್ದಲ.

ಆಗ ಬಂದಳು ಮಾರ್ಲಾ. ಕೌಂಟಿ ವಾರಪತ್ರಿಕೆಯ ವರದಿಗಾರ್ತಿ. ಕೌಂಟಿಯ ಬೇರೆ ಹದಿನಾಲ್ಕು ಬೂತುಗಳಲ್ಲಿ ನೊಣ ಹೊಡೆಯುವವರೂ ಇಲ್ಲದಿರುವಾಗ ಇಲ್ಲಿ ಸಾಲು ರಸ್ತೆಗೆ ಬಂದಿದೆಯೆಂದು ಯಾರೋ ಫೋನ್ ಮಾಡಿದ್ದರು.

"ಇಷ್ಟೊಂದು ಜನ! ಏನು ಕಾರಣ?" ಎಂದು ಅವಳು ಮೊದಲು ಸಿಕ್ಕ ಮುದುಕನನ್ನು ಕೇಳಿದಳು.

"ಕರ್ತವ್ಯಪ್ರಜ್ಞೆ," ಎಂದ ಮುದುಕ, ಅವಳ ಕಣ್ಣು ತಪ್ಪಿಸಿ. ಅವನು ಕಳೆದ ಇಪ್ಪತ್ತು ವರ್ಷದಲ್ಲಿ ಈ ಷೆಡ್ಡಿಗೆ ಬಂದದ್ದು ಒಂದೇ ಸಲ, ಅವನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ.

"ದೇಶ ಒಂದು ಕವಲುದಾರೀಲಿದೆ," ಎಂದಳು ವೆಲ್ಮಾ.

"ಸೆನೆಟ್ ಸೀಟಿನ ಸ್ಪರ್ಧೆ ಬಿರುಸಾಗಿದೆಯಲ್ಲ," ಎಂದ ಇನ್ನೊಬ್ಬ.

"ಯಾರು ಯಾರು ನಿಂತಿದ್ದಾರೆ?" ಎಂದಳು ಮಾರ್ಲಾ.

ಅವನು ತನ್ನ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ.

ಲೈಲ್ ಇದನ್ನೆಲ್ಲ ಕೇಳಿಸಿಕೊಂಡ. ನಿಜವಾದ ಕಾರಣವನ್ನು ಒಂದು ಊರು ಇಷ್ಟು ಒಗ್ಗಟ್ಟಿನಿಂದ ಬಚ್ಚಿಡಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಒಂದು ರೀತಿಯ ಹೆಮ್ಮೆಯೇ ಆಯಿತು.

ಮಧ್ಯಾಹ್ನ ಗ್ಲೆನ್ ಬಂದ. ಪಿಕಪ್ ಟ್ರಕ್ಕಿನ ಬಾಗಿಲನ್ನು ಎಷ್ಟು ಜೋರಾಗಿ ಬಡಿದನೆಂದರೆ ಕನ್ನಡಿ ಮಡಚಿಕೊಂಡಿತು.

"ಭಾವ, ನನ್ನ ಹೆಸರು ಬರೀತೀಯಂತೆ?"

"ಯಾರು ಹೇಳಿದ್ದು?"

"ಅಕ್ಕ ಹೇಳಲಿಲ್ಲ. ಹೇಳದೇ ಇದ್ದ ರೀತೀಲೇ ಗೊತ್ತಾಯ್ತು."

ಲೈಲ್ ಎದೆಯುಬ್ಬಿಸಿದ. "ಹೂಂ, ಬರೀತೀನಿ. ಎರಡು ವರ್ಷ ನಾನು ಬೈಸ್ಕೊಂಡಿದೀನಿ. ನಿನ್ನ ತಮಾಷೆಗೆ ನನ್ನ ಹೆಂಡ್ತಿ ಸಮುದ್ರ ಕಳ್ಕೊಂಡ್ಳು. ಈಗ ನೀನು ಹಂದಿ ಪಕ್ಕ ಕೂತ್ಕೋ. ಬಿಡಲ್ಲ ನಿನ್ನ."

"ಹಂಗಾ? ನೂರು ಜನರ ಕೈ ಕುಲುಕಿದೀಯಲ್ಲ, ನನ್ನ ಕೈ ಕುಲುಕಿಲ್ಲ. ನಾನೂ ನಿನ್ನ ಹೆಸರು ಬರೆಯೋನೇ. ಒಂದು ಓಟು ಸಾಕು, ಗೊತ್ತಲ್ಲ? ಬೇರೆ ಯಾರ ಹೆಸರೂ ಯಾರೂ ಬರೆಯಲ್ಲ. ಎಲ್ಲರ ಕೈನೂ ನೀನೇ ಕಟ್ಟಿದೀಯ."

ಲೈಲನಿಗೆ ಇದು ಹೊಳೆದಿರಲಿಲ್ಲ. ತಾನು ಗ್ಲೆನ್ನನ ಹೆಸರು ಬರೆದು, ಗ್ಲೆನ್ ತನ್ನ ಹೆಸರು ಬರೆದರೆ ಒಂದಕ್ಕೊಂದು ಸಮ. ಆಗ ಟೋಪಿಯೊಳಗಿಂದ ಚೀಟಿ ಎತ್ತುತ್ತಾರೆ. ಲೈಲ್ ಜೀವಮಾನದಲ್ಲಿ ಎತ್ತಿದ ಒಂದು ಚೀಟಿಯೂ ಅವನಿಗೆ ಒಲಿದಿರಲಿಲ್ಲ. ಅರ್ಡಿತ್‌ಳ ಓಟು ಸೇರಿದರೆ ಎರಡಾಗುತ್ತದೆ ನಿಜ. ಆದರೆ ತಮ್ಮನ ಮುಖ ನೋಡಿದ ಮೇಲೆ ಅವಳ ಪೆನ್ನು ಎತ್ತ ಓಡುತ್ತದೋ.

ಸಾಲಿನಲ್ಲಿದ್ದ ಎಪ್ಪತ್ತು ಜನ ಆಕಾಶ ನೋಡಿದರು.

"ಕುಲುಕು," ಎಂದ ಲೈಲ್.

"ಕುಲುಕು," ಎಂದ ಗ್ಲೆನ್.

ಕೈ ಬಿಡುವಾಗ ಇಬ್ಬರ ಬೆರಳೂ ಬೆಳ್ಳಗಾಗಿದ್ದವು.

ಸಂಜೆ ಆರೂ ಮುಕ್ಕಾಲಿಗೆ ಸಾಲು ಕರಗಿತು. ಲೈಲನ ಬಲಗೈ ಹುಳಿ ಬಂದ ಬ್ರೆಡ್ ಹಿಟ್ಟಿನಂತೆ ಊದಿಕೊಂಡಿತ್ತು. ಓಟು ಹಾಕಲು ಉಳಿದವನು ಅವನೊಬ್ಬನೇ. ಪರದೆಯ ಮರೆಯಲ್ಲಿ ನಿಂತು, ಮೇಲಿನ ಹುದ್ದೆಗಳಿಗೆ ಗುರುತು ಹಾಕಿ, ಕಡೆಯ ಗೆರೆಗೆ ಬಂದು, ಪೆನ್ನು ಹಿಡಿದು ನಿಂತುಬಿಟ್ಟ. ಗೋಡೆಯ ಮೇಲೆ ಬೂತಿನ ಪಟ್ಟಿ. ನೂರ ಅರವತ್ತೆರಡು ಹೆಸರು. ಬಂದವರ ಕೈಯೆಲ್ಲ ಕುಲುಕಿಯಾಗಿದೆ. ಆಸ್ಪತ್ರೆಯಲ್ಲಿರುವ ಇಬ್ಬರ ಹೆಸರು ಬರೆಯುವಷ್ಟು ಪಾಪಿ ಅವನಲ್ಲ. ಲಾರಿ ಓಡಿಸಿಕೊಂಡು ಟೆಕ್ಸಾಸಿಗೆ ಹೋಗಿರುವವನು ಫೋನಿನಲ್ಲೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದ.

ಹಾಗೇ ಖಾಲಿ ಬಿಡಲೇ ಎಂದು ಯೋಚಿಸಿದ. ಭಯವಾಯಿತು. ನೂರೈವತ್ತೇಳು ಜನರಲ್ಲಿ ಒಬ್ಬನಾದರೂ ಸುಳ್ಳ ಇರಲೇಬೇಕಲ್ಲ. ಮನುಷ್ಯರೆಂದ ಮೇಲೆ ಇರಲೇಬೇಕು. ಆ ಒಬ್ಬ ತನ್ನ ಹೆಸರು ಬರೆದಿದ್ದರೆ? ಆ ಒಂದು ಓಟಿಗೆ ಎದುರಾಗಿ ಒಂದು ಓಟಾದರೂ ಇರಬೇಕು.

ಪಟ್ಟಿಯಲ್ಲಿ ಅವನ ಕಣ್ಣು ಒಂದು ಹೆಸರಿನ ಮೇಲೆ ನಿಂತಿತು. ಕೌಂಟಿ ಕಚೇರಿಯವರು ತೆಗೆದುಹಾಕಲು ಮರೆತಿದ್ದ ಹೆಸರು. ಇಡೀ ಪಟ್ಟಿಯಲ್ಲಿ ಅವನು ಕೈ ಕುಲುಕದೆ ಉಳಿದಿದ್ದ, ಬರೆದರೂ ಯಾರಿಗೂ ನೋವಾಗದ ಒಂದೇ ಒಂದು ಹೆಸರು.

ಮೂವತ್ತೊಂದು ವರ್ಷ ಮಾಡಿದೀಯ, ಇನ್ನೆರಡು ವರ್ಷ ಮಾಡು ಮಾರಾಯ ಎಂದುಕೊಂಡು, ಊದಿದ ಕೈಯಿಂದ ಸೊಟ್ಟಸೊಟ್ಟಗೆ 'ಎಮೆಟ್ ಡೋರ್' ಎಂದು ಬರೆದ. ಇಂಥ ಜಾಣತನ ತನ್ನೊಬ್ಬನಿಗೇ ಹೊಳೆಯಿತಲ್ಲ ಎಂದು ಚೀಟಿ ಪೆಟ್ಟಿಗೆಗೆ ಹಾಕುವಾಗ ನಗು ತಡೆಯಲಾಗಲಿಲ್ಲ.

ಏಳಕ್ಕೆ ಬಾಗಿಲು ಹಾಕಿ ಎಣಿಕೆ ಶುರುವಾಯಿತು. ಹೊರಗೆ ಇನ್ನೂ ಬಿಸಿಲಿತ್ತು. ಯಾರೂ ಮನೆಗೆ ಹೋಗಿರಲಿಲ್ಲ. ಬರ್ನಿಸ್ ಟೀಚರ್ ದೊಡ್ಡ ಹುದ್ದೆಗಳದ್ದನ್ನೆಲ್ಲ ಎಣಿಸಿ ಹೇಳಿದರು. ಸೆನೆಟ್ಟಿಗೆ ಯಾರು ಗೆದ್ದರೆಂದು ಯಾರೂ ಕಿವಿಗೊಡಲಿಲ್ಲ. ಕಡೆಯ ಗೆರೆಗೆ ಬಂದಾಗ ಆಕೆ ಕನ್ನಡಕ ಒರೆಸಿಕೊಂಡರು.

"ಎಮೆಟ್ ಡೋರ್," ಎಂದು ಮೊದಲ ಚೀಟಿ ಓದಿದರು.

ಲೈಲ್ ತುಟಿ ಕಚ್ಚಿಕೊಂಡ. ತನ್ನದು ಎಷ್ಟು ಬೇಗ ಬಂತು!

"ಎಮೆಟ್ ಡೋರ್," ಎಂದು ಎರಡನೆಯದನ್ನು ಓದಿದರು.

ಮೂರನೆಯದೂ ಎಮೆಟ್. ಹತ್ತನೆಯದೂ ಎಮೆಟ್. ಇಪ್ಪತ್ತನೆಯದೂ ಎಮೆಟ್. ಜನ ಮೊದಲು ನೆಲ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ತಮ್ಮೊಬ್ಬರಿಗೇ ಹೊಳೆದದ್ದೆಂದು ಇಡೀ ದಿನ ಒಳಗೊಳಗೇ ಬೀಗಿದ್ದವರು ನೂರೈವತ್ತೆಂಟು ಜನ.

"ಖಾಲಿ ಬಿಡೋಕೆ ಹೆದರಿಕೆ ಆಯ್ತು," ಎಂದಳು ವೆಲ್ಮಾ, ಯಾರೂ ಕೇಳದಿದ್ದರೂ. "ಯಾರಾದ್ರೂ ಒಬ್ಬರು ಸುಳ್ಳು ಹೇಳಿರ್ತಾರೆ ಅಂತ..."

"ಒಬ್ಬರೂ ಹೇಳಿಲ್ಲ," ಎಂದರು ಬರ್ನಿಸ್ ಟೀಚರ್. ಆಕೆಯ ಹುಬ್ಬು ಇದ್ದಲ್ಲೇ ಇತ್ತು. "ನೂರೈವತ್ತೆಂಟಕ್ಕೆ ನೂರೈವತ್ತೆಂಟು. ನನ್ನ ವಿದ್ಯಾರ್ಥಿಗಳು."

ಷೆಡ್ಡು ಒಡೆದುಹೋಗುವಂತೆ ನಗು ಎದ್ದಿತು. ಗ್ಲೆನ್ ಟೋಪಿ ತೆಗೆದು ಮೇಲಕ್ಕೆ ಎಸೆದ. ಲೈಲ್ ಎರಡೂ ಕೈ ಎತ್ತಿ, "ಮುಗೀತು! ಇನ್ನು ಬೈಬೇಕಾದವರು ಗುಡ್ಡದ ಮೇಲೆ ಹೋಗಿ, ಎಮೆಟ್‌ನ ಸಮಾಧಿ ಹತ್ರ ನಿಂತು ಬೈರಿ!" ಎಂದು ಕೂಗಿದ. ಎರಡು ವರ್ಷದಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು.

ಬರ್ನಿಸ್ ಟೀಚರ್ ತಮ್ಮ ಕೈಚೀಲದಿಂದ ಒಂದು ಕಂದು ನೋಟುಬುಕ್ಕು ತೆಗೆದರು. ಡ್ರೈ ಫೋರ್ಕ್ ಬೂತಿನ ಪಕ್ಷದ ನಿಯಮಗಳು. ಬರೆದವನು ಎಮೆಟ್.

"ಏಳನೇ ನಿಯಮ," ಎಂದು ಓದಿದರು. "ಗೆರೆಯ ಮೇಲೆ ಯಾರ ಹೆಸರೂ ಬಾರದಿದ್ದರೆ ಸ್ಥಾನ ಖಾಲಿಯೆಂದು ತಿಳಿಯತಕ್ಕದ್ದು. ಹೆಸರು ಬಂದಿದ್ದರೆ, ಗೆದ್ದವನು ಒಪ್ಪಿ ಸಹಿ ಹಾಕುವವರೆಗೆ ಹಿಂದಿನವನೇ ಕೆಲಸ ಮಾಡತಕ್ಕದ್ದು."

ನಗು ಒಂದೊಂದೇ ಬಾಯಿಯಲ್ಲಿ ಆರಿತು.

"ಎಮೆಟ್ ಸಹಿ ಹಾಕಲ್ವಲ್ಲ ಟೀಚರ್," ಎಂದ ಗ್ಲೆನ್ ಮೆಲ್ಲಗೆ.

"ಹಾಕಲ್ಲ."

"ಯಾವಾಗಲೂ ಹಾಕಲ್ಲ."

"ಅದಕ್ಕೇ ಹೇಳಿದ್ದು, ಹಿಂದಿನವನು."

ಎಲ್ಲರೂ ಲೈಲನ ಕಡೆ ತಿರುಗಿದರು. ಅವನ ಕೈಗಳು ಇನ್ನೂ ಮೇಲೇ ಇದ್ದವು.

"ಹಂಗಾದ್ರೆ ಎಲ್ಲರೂ ಖಾಲಿ ಬಿಟ್ಟಿದ್ರೆ..." ಎಂದ.

"ನಿಂಗೆ ಬಿಡುಗಡೆ ಆಗ್ತಿತ್ತು," ಎಂದರು ಟೀಚರ್.

ಅರ್ಡಿತ್ ಬಾಗಿಲ ಹತ್ತಿರ ನಿಂತಿದ್ದಳು. ಲೈಲ್ ಅವಳ ಬಳಿಗೆ ಹೋದ.

"ನೀನು ಗ್ಲೆನ್ ಹೆಸರು ಬರೀಲಿಲ್ವಾ?"

"ಇಲ್ಲ. ಎದುರಿಗೇ ಬಂದು ಕೈ ಚಾಚಿದ. ನೀನು?"

"ನಾನೂ ಇಲ್ಲ."

ಲೈಲ್ ಹೊರಗಿನ ಕೆಂಪು ಗಾಡಿಯ ಕಡೆ ನೋಡಿ, "ನಾನು ಬರ್ತೀನಿ ಅರ್ಡಿತ್. ಜಾತ್ರೆ ಹಾಳಾಗ್ಲಿ, ಹಂದಿ ಹಾಳಾಗ್ಲಿ. ಗುರುವಾರ ಹೊರಟೇಬಿಡೋಣ," ಎಂದ.

ಅರ್ಡಿತ್‌ಳ ಕಣ್ಣು ತುಂಬಿತು. ಅವನ ಊದಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಆಗಲ್ಲ ಲೈಲ್. ಬೆಳಿಗ್ಗೆ ಜಾಯ್ಸ್ ಬಂದಿದ್ಳು. ನೀನು ಹುದ್ದೇಲೇ ಉಳಿದ್ರೆ ಸೀಟು ಅವಳದು ಅಂತ..." ಗಾಳಿಯಲ್ಲಿ ಕೈಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿ ತೋರಿಸಿದಳು.

ಅಷ್ಟರಲ್ಲಿ ಕೌಂಟಿಯ ಪಕ್ಷದ ಅಧ್ಯಕ್ಷೆಯ ಫೋನು ಬಂತು. ಆಕೆಯ ದನಿ ಇಡೀ ಷೆಡ್ಡಿಗೆ ಕೇಳಿಸುವಂತಿತ್ತು. "ಬ್ರೂಬೇಕರ್ ಅವರೇ, ಅದ್ಭುತ! ಬೇರೆ ಬೂತುಗಳಲ್ಲಿ ಹದಿನೈದು ಪರ್ಸೆಂಟೂ ದಾಟಿಲ್ಲ, ನಿಮ್ಮಲ್ಲಿ ತೊಂಬತ್ತೇಳು! ಹೆಂಗೆ ಸಾಧ್ಯ ಆಯ್ತು ಅಂತ ಅರ್ಧ ಪುಟ ಬರೆದು ಈಗಲೇ ಕಳಿಸಿ. ಜಾತ್ರೇಲಿ ಆರೂ ದಿನ ನೀವು ಅದೇ ಮಾತಾಡ್ಬೇಕು."

ಮಾರ್ಲಾ ಪೆನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಷೆಡ್ಡಿನ ಜನವೆಲ್ಲ ಲೈಲನ ಮುಖವನ್ನೇ ನೋಡುತ್ತಿದ್ದರು. ಕರ್ತವ್ಯಪ್ರಜ್ಞೆ, ಕವಲುದಾರಿ, ಸೆನೆಟ್ ಸ್ಪರ್ಧೆ, ಎಲ್ಲವೂ ಈಗ ಅವನ ನಾಲಗೆಯ ತುದಿಯಲ್ಲಿತ್ತು.

ಲೈಲ್ ಮೇಜಿನ ಮುಂದೆ ಕೂತ. ಬೂತಿನ ಅಚ್ಚಾದ ವರದಿಯ ಹಾಳೆಯ ಮೇಲೆ 'ಹೆಚ್ಚಿನ ಮತದಾನಕ್ಕೆ ಕಾರಣ' ಎಂದಿದ್ದ ಕಡೆ ಒಂದೇ ಸಾಲು ಬರೆದ: 'ಈ ಊರಿನಲ್ಲಿ ಸುಳ್ಳು ಹೇಳುವವನು ಒಬ್ಬನೂ ಇಲ್ಲವೆಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ.' ಆಮೇಲೆ ಒಂದು ಕ್ಷಣ ಯೋಚಿಸಿ, ಅಧ್ಯಕ್ಷೆಗೂ ನಿಯಮದ ಪುಸ್ತಕಕ್ಕೂ ಸೆಡ್ಡು ಹೊಡೆದವನಂತೆ, ಚುನಾಯಿತ ಪ್ರತಿನಿಧಿಯ ಸಹಿಯ ಜಾಗದಲ್ಲಿ ದೊಡ್ಡದಾಗಿ 'ಎಮೆಟ್ ಡೋರ್' ಎಂದು ಗೀಚಿ, ಹಾಳೆಯನ್ನು ಟೀಚರ್ ಮುಂದೆ ತಳ್ಳಿದ.

"ತಗೊಳ್ಳಿ. ಗೆದ್ದವನು ಸಹಿ ಹಾಕಿದಾನೆ. ನಾನು ಹೊರಟೆ."

ಬರ್ನಿಸ್ ಟೀಚರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆಳಗಿನಿಂದ ಮೊದಲ ಬಾರಿಗೆ ಆಕೆಯ ಎಡಹುಬ್ಬು ಮೇಲಕ್ಕೆ ಹೋಯಿತು.

"ಅಕ್ಷರ ನಿಂದು ಲೈಲ್," ಎಂದರು. "ಕೆಲಸಾನೂ ನಿಂದೇ."